ಡಿಸ್ಕ್ ತೊಂದರೆ ಇರುವವರು ಭಾರ ಎತ್ತುವುದನ್ನು ಎಲ್ಲಿಂದ ಶುರು ಮಾಡಬೇಕು?

ಬಯಲುಸೀಮೆ82:
ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ (ಮೆತ್ತೆ) ಉಬ್ಬಿದೆ, ವಯಸ್ಸು 41. ಕಾಲಿಗೆ ಇಳಿಯುತ್ತಿದ್ದ ನೋವು ನಿಂತು ಎರಡು ತಿಂಗಳಾಯಿತು. ಡಾಕ್ಟರು ವ್ಯಾಯಾಮ ಮಾಡಬಹುದು ಅಂದಿದ್ದಾರೆ, ಯಾವುದು ಅಂತ ಹೇಳಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸೂರ್ಯನಮಸ್ಕಾರ ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಡೆಡ್‌ಲಿಫ್ಟ್ (ಬಗ್ಗಿ ನೆಲದಿಂದ ಭಾರ ಎತ್ತುವುದು) ಮುಟ್ಟಲೇಬೇಡಿ ಅಂತ ಒಬ್ಬರು, ಅದೇ ಮದ್ದು ಅಂತ ಇನ್ನೊಬ್ಬರು. ಕ್ರಮ ಹೇಗಿರಬೇಕು?

ತುಂಗಾತೀರ:
ಡೆಡ್‌ಲಿಫ್ಟ್ ಬೇಕು, ಆದರೆ ಕೊನೆಗೆ. ಮೊದಲು ಬೇಕಾದ್ದು ಬೆನ್ನುಮೂಳೆಯನ್ನು ಅಲುಗದಂತೆ ಹಿಡಿದಿಡುವ ಸ್ನಾಯುಗಳ ತಾಳಿಕೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಇದಕ್ಕೆಂದೇ ಮೂರು ವ್ಯಾಯಾಮ ಆರಿಸಿಕೊಟ್ಟಿದ್ದಾರೆ.

ಮೊದಲನೆಯದು ಕರ್ಲ್-ಅಪ್. ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ, ಇನ್ನೊಂದು ಕಾಲು ನೀಡಿ. ಎರಡೂ ಅಂಗೈಗಳನ್ನು ಸೊಂಟದ ಕೆಳಗಿನ ಟೊಳ್ಳಿನಲ್ಲಿ ಇಡಿ. ತಲೆ, ಭುಜ ನೆಲದಿಂದ ಎರಡು ಬೆರಳಷ್ಟು ಎದ್ದರೆ ಸಾಕು. ಅಂಗೈ ಮೇಲೆ ಸೊಂಟ ಒತ್ತತೊಡಗಿದರೆ ಬೆನ್ನು ಬಾಗುತ್ತಿದೆ ಎಂದರ್ಥ, ಅಷ್ಟು ಏಳಬೇಡಿ. ಕಾಲು ಹಿಡಿಸಿಕೊಂಡು ಪೂರ್ತಿ ಎದ್ದು ಕೂರುವ ಸಿಟ್-ಅಪ್ ಸದ್ಯಕ್ಕೆ ಬೇಡವೇ ಬೇಡ.

ಎರಡನೆಯದು ಸೈಡ್ ಪ್ಲ್ಯಾಂಕ್. ಒಂದು ಮಗ್ಗುಲಿಗೆ ಮಲಗಿ, ಮೊಣಕೈ ಊರಿ ಸೊಂಟವನ್ನು ನೆಲದಿಂದ ಎತ್ತಿ ಹಿಡಿಯಿರಿ. ಮೊಣಕೈ ಭುಜದ ನೇರ ಕೆಳಗಿರಲಿ, ಮೊದಮೊದಲು ಪಾದದ ಬದಲು ಮೊಣಕಾಲು ಊರಿ.

ಮೂರನೆಯದು ಬರ್ಡ್-ಡಾಗ್. ಅಂಬೆಗಾಲಿಡುವ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ. ಎಲ್ಲರೂ ಎಡವುವುದು ಇಲ್ಲೇ: ಕಾಲನ್ನು ಸೊಂಟಕ್ಕಿಂತ ಮೇಲೆತ್ತುತ್ತಾರೆ, ಬೆನ್ನು ಬಿಲ್ಲಾಗುತ್ತದೆ. ಸೊಂಟದ ಮೇಲೆ ತುಂಬಿದ ನೀರಿನ ಲೋಟ ಇದೆ, ಚೆಲ್ಲಬಾರದು ಅಂದುಕೊಂಡು ಮಾಡಿ.

ಒಂದೊಂದು ಹಿಡಿತ 8ರಿಂದ 10 ಸೆಕೆಂಡು. ಪ್ರತಿ ಬದಿಗೆ 6 ಸಲ, ಸ್ವಲ್ಪ ಬಿಡುವು, 4 ಸಲ, ಮತ್ತೆ ಬಿಡುವು, 2 ಸಲ. ತಾಳಿಕೆ ಹೆಚ್ಚಿಸಲು ಹಿಡಿತವನ್ನು ಉದ್ದ ಮಾಡಬೇಡಿ, ಸಲಗಳನ್ನು ಹೆಚ್ಚಿಸಿ. ದಣಿದ ಸ್ನಾಯು ಭಂಗಿ ಕೆಡಿಸುತ್ತದೆ. ಉಸಿರು ಕಟ್ಟಬೇಡಿ.

ಕಲ್ಪತರು_ಟಿ:
ಸೂರ್ಯನಮಸ್ಕಾರಕ್ಕಿಂತ ಹೆಚ್ಚಾಗಿ ನೀವು ಮಾಡುವ ಹೊತ್ತೇ ತಪ್ಪಿರಬಹುದು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿಯಾಗಿರುತ್ತದೆ, ಆಗ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ಎದ್ದ ಮೇಲೆ ಒಂದು ಗಂಟೆ ಬಗ್ಗುವ ಕೆಲಸ ಬೇಡ, ಅಂಗಳ ಗುಡಿಸುವುದೂ ಸೇರಿ. ನಮಸ್ಕಾರವನ್ನು ಸಂಜೆಗೆ ಇಟ್ಟುಕೊಳ್ಳಿ. ಅದರಲ್ಲಿ ನಿಂತು ಮುಂದಕ್ಕೆ ಬಗ್ಗುವ ಪಾದಹಸ್ತಾಸನದಲ್ಲಿ ಮೊಣಕಾಲು ಸಡಿಲಿಸಿ, ಅಂಗೈಯನ್ನು ನೆಲದ ಬದಲು ಸ್ಟೂಲಿನ ಮೇಲೆ ಊರಿ. ತೊಡೆಯ ಹಿಂಭಾಗ ಬಿಗಿಯಿದ್ದವರು ಮೊಣಕಾಲು ನೆಟ್ಟಗಿಟ್ಟು ಬಗ್ಗಿದರೆ ಆ ಬಾಗೆಲ್ಲ ಸೊಂಟದ ಮೇಲೇ ಬೀಳುತ್ತದೆ.

ಗರಡಿಮನೆ:
ಡೆಡ್‌ಲಿಫ್ಟ್ ಬಗ್ಗೆ. ಮಾಪ್ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ: ತಲೆಯ ಹಿಂಭಾಗ, ಭುಜಗಳ ನಡುವೆ, ಬಾಲಮೂಳೆಯ ಮೇಲ್ಭಾಗ, ಮೂರೂ ಕಡೆ ತಾಗಬೇಕು. ಮೊಣಕಾಲು ತುಸು ಸಡಿಲಿಸಿ, ಪೃಷ್ಠದಿಂದ ಹಿಂದಿನ ಗೋಡೆ ಮುಟ್ಟುವ ಹಾಗೆ ಬಗ್ಗಿ. ಕೋಲು ಒಂದು ಕಡೆ ಬಿಟ್ಟರೂ ಅಲ್ಲಿಗೇ ನಿಲ್ಲಿಸಿ, ಇವತ್ತಿನ ನಿಮ್ಮ ಮಿತಿ ಅದು. ಹೀಗೆ 10 ಸಲ ತಪ್ಪಿಲ್ಲದೆ ಬಂದ ಮೇಲೆ 8 ಕೆಜಿ ಕೆಟಲ್‌ಬೆಲ್ಲನ್ನು (ಹಿಡಿಕೆಯಿರುವ ಕಬ್ಬಿಣದ ಗುಂಡು) ಮೊಣಕಾಲೆತ್ತರದ ಪೆಟ್ಟಿಗೆಯ ಮೇಲಿಟ್ಟು ಎತ್ತಿ, 5 ಸಲದ 3 ಸೆಟ್. ನೆಲದಿಂದ ಎತ್ತುವುದು ಆಮೇಲೆ.

ಜೊತೆಗೆ ಒಂದೇ ಕೈಯಲ್ಲಿ ಅರ್ಧ ಬಕೆಟ್ ನೀರು ಹಿಡಿದು 20 ಮೀಟರ್ ನಡೆಯಿರಿ, ಕೈ ಬದಲಿಸಿ ವಾಪಸ್. ಮೈ ಯಾವ ಕಡೆಗೂ ವಾಲಬಾರದು. ಪಕ್ಕದ ಸ್ನಾಯುಗಳಿಗೆ ಇದಕ್ಕಿಂತ ಅಗ್ಗದ ಕಸರತ್ತು ಇಲ್ಲ.

ತುಂಗಾತೀರ:
ಭಾರ ಏರಿಸುವ ಮುನ್ನ ಮರುದಿನ ಬೆಳಗಿನ ತನಕ ಕಾಯಿರಿ. ಸ್ನಾಯು ನೋವಾದರೆ ಚಿಂತೆಯಿಲ್ಲ. ನೋವು ಅಥವಾ ಜೋಮು ಮತ್ತೆ ತೊಡೆ, ಮೀನಖಂಡದತ್ತ ಇಳಿದರೆ ಹಿಂದಿನ ಹಂತಕ್ಕೆ ವಾಪಸ್. ಕಾಲಿನ ನೋವು ಮೇಲೇರಿ ಸೊಂಟದಲ್ಲಷ್ಟೇ ಉಳಿದರೆ ಅದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ಆದರೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ ವ್ಯಾಯಾಮದ ಮಾತೇ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ.