ಅತ್ತಿಗೆ, ಪುಟ್ಟಿಯ ಸೈಕಾಲಜಿ ಪರೀಕ್ಷೆಗೆ ಮೊದಲು ಸೀಟು ಹುಡುಕಿ

ಅತ್ತಿಗೆ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ ಅಂತ ಮಾತಿನಲ್ಲೇ ಹೇಳುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಪುಟ್ಟಿಯ ಸ್ಕೂಲಿನಲ್ಲಿ ಎಪಿ ಸೈಕಾಲಜಿ (ಅಮೆರಿಕದಲ್ಲಿ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಮನಶ್ಶಾಸ್ತ್ರ) ಕ್ಲಾಸೇ ಇಲ್ಲ, ತಾನೇ ಓದಿಕೊಂಡು ಮೇ ತಿಂಗಳಲ್ಲಿ ಬರೆಯುತ್ತೇನೆ ಅನ್ನುತ್ತಾಳೆ, ಆಗುತ್ತಾ ಅಂತ ಕೇಳಿದ್ದೀರಲ್ಲ? ಆಗುತ್ತೆ. ನಮ್ಮ ಮಗ ಗುಂಡ 2025ರಲ್ಲಿ ಹಾಗೇ ಬರೆದ. ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ ಹೇಳುತ್ತೇನೆ, ನೀವಾದರೂ ತಪ್ಪಿಸಿಕೊಳ್ಳಿ.

ಓದುವ ಮಾತು ಆಮೇಲೆ. ಮೊದಲು ಸೀಟು. ಪರೀಕ್ಷೆ ಕಾಲೇಜ್ ಬೋರ್ಡ್ ಅನ್ನೋ ಸಂಸ್ಥೆಯದ್ದೇ, ಆದರೆ ನಡೆಸುವುದು ಸ್ಕೂಲುಗಳು. ಪುಟ್ಟಿಯ ಸ್ಕೂಲಿನಲ್ಲಿ ಆ ಪೇಪರ್ ಹಾಕಿಸಿಕೊಡುತ್ತಾರಾ ಅಂತ ನಾಳೆಯೇ ಕೇಳಿ. ಇಲ್ಲ ಅಂದರೆ ಸುತ್ತಮುತ್ತಲ ಸ್ಕೂಲುಗಳ ಎಪಿ ಕೋಆರ್ಡಿನೇಟರ್‌ಗೆ ಒಬ್ಬೊಬ್ಬರಿಗೇ ಫೋನ್ ಮಾಡಬೇಕು. ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕು ಅಂತ ಅವರಿಗೇನೂ ಇಲ್ಲ. ನಾನು ನಾಲ್ಕು ಕಡೆ ಕೇಳಿದೆ. ಒಬ್ಬರು ನನ್ನ ಮಾತು ಮುಗಿಯುವ ಮುಂಚೆಯೇ ಆಗಲ್ಲ ಅಂದರು. ಇಬ್ಬರು ವಾಪಸ್ ಫೋನೇ ಮಾಡಲಿಲ್ಲ. ನಾಲ್ಕನೆಯದು ಸಿಕ್ಕಿತು, ಮನೆಯಿಂದ ಕಾರಿನಲ್ಲಿ ನಲವತ್ತು ನಿಮಿಷ. ಸ್ಕೂಲಿನವರು ಪರೀಕ್ಷೆಗೆ ಆರ್ಡರ್ ಹಾಕಲು ನವೆಂಬರ್ ಮಧ್ಯದವರೆಗೆ ಸಮಯ. ಕೆಲವು ಸ್ಕೂಲುಗಳು ಅದಕ್ಕೂ ಮುಂಚೆಯೇ ಪಟ್ಟಿ ಮುಚ್ಚಿಬಿಡುತ್ತವೆ. ಈಗಲೇ ಅಕ್ಟೋಬರ್, ಅಲ್ವಾ? ಫೀಸು ಸುಮಾರು 100 ಡಾಲರ್. ತಡವಾದರೆ ಮೇಲೆ ಇನ್ನೊಂದು 40.

ಎರಡನೆಯದು, ಪುಸ್ತಕ. ಪಕ್ಕದ ಮನೆ ಹುಡುಗಿ ತನ್ನ ಹಳೇ ಗೈಡ್ ಕೊಟ್ಟಳು. ಇಷ್ಟು ದಪ್ಪ, ಬಣ್ಣಬಣ್ಣದ ಗೆರೆ ಎಳೆದದ್ದು. ದುಡ್ಡು ಉಳಿಯಿತು ಅಂತ ನನಗೆ ಖುಷಿಯೋ ಖುಷಿ. ಗುಂಡ ಎರಡು ತಿಂಗಳು ಅದನ್ನೇ ಓದಿದ. ಆಮೇಲೆ ಗೊತ್ತಾಯಿತು, ಅದರಲ್ಲಿ ಒಂಬತ್ತು ಯೂನಿಟ್. 2024ರಿಂದ ಸಿಲಬಸ್ ಬದಲಾಗಿ ಐದೇ ಯೂನಿಟ್! ಮೆದುಳು-ನರಗಳದ್ದು ಒಂದು, ಯೋಚನೆ-ನೆನಪಿನದು ಒಂದು, ಬೆಳವಣಿಗೆ-ಕಲಿಕೆ, ಸಮಾಜ-ವ್ಯಕ್ತಿತ್ವ, ಕೊನೆಗೆ ಮನಸ್ಸು-ದೇಹದ ಆರೋಗ್ಯ. ಪರೀಕ್ಷೆಯೂ ಬದಲಾಗಿದೆ. ಮೊದಲು 70 ನಿಮಿಷಕ್ಕೆ ಸರಿ ಉತ್ತರ ಆರಿಸೋ 100 ಬಿಟ್ ಪ್ರಶ್ನೆ ಇದ್ದವು. ಈಗ 90 ನಿಮಿಷಕ್ಕೆ 75. ಆಮೇಲೆ 70 ನಿಮಿಷ ಎರಡು ದೊಡ್ಡ ಪ್ರಶ್ನೆ. ಎಲ್ಲವೂ ಬ್ಲೂಬುಕ್ ಅನ್ನೋ ಆ್ಯಪ್‌ನಲ್ಲಿ, ಪೆನ್ನಿನಲ್ಲಿ ಬರೆಯುವುದಿಲ್ಲ. ಹೊಸ ಸಿಲಬಸ್‌ನ ಪಿಡಿಎಫ್ ಕಾಲೇಜ್ ಬೋರ್ಡ್‌ನ ಎಪಿ ಸೆಂಟ್ರಲ್ ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಗೈಡ್ ಕೊಳ್ಳುವ ಮುಂಚೆ ಅದನ್ನು ಎದುರಿಗೆ ಇಟ್ಟುಕೊಂಡು ತಾಳೆ ನೋಡಿ.

ಇನ್ನು ಓದೋದು. ಗುಂಡ ಮೊದಮೊದಲು ನಾವೆಲ್ಲಾ ಪಿಯುಸಿಯಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದ. ಒಂದೇ ಪಾಠ ನಾಲ್ಕು ಸಲ ಓದೋದು, ಎಲ್ಲಾ ಬಂತು ಅನ್ನೋದು. ಒಂದು ಶುಕ್ರವಾರ ರಾತ್ರಿ ಅಮ್ಮ ಶಿವಮೊಗ್ಗದಿಂದ ವಿಡಿಯೋ ಕಾಲ್ ಮಾಡಿದವರು, "ಏನೋ ಓದ್ತಿದೀಯಾ, ನಂಗೂ ಹೇಳೋ" ಅಂದರು. ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳಲು ಹೋದ, ಎರಡೇ ವಾಕ್ಯಕ್ಕೆ ನಿಂತುಬಿಟ್ಟ. ಅವತ್ತು ಪಾಠ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಎಲ್ಲರೂ ಅದನ್ನು ಶಿಕ್ಷೆ ಅಂದುಕೊಳ್ಳುತ್ತಾರೆ, ಅವನೂ ಹಾಗೇ ಅಂದ. ಆಮೇಲೆ ನಾಲಿಗೆ ಕಚ್ಚಿಕೊಂಡು ಪುಸ್ತಕ ತೆಗೆದು ನೋಡಿ, ಇಲ್ಲ ಅಜ್ಜಿ, ಕಿರಿಕಿರಿ ಒಂದು ನಿಂತುಹೋಗೋದರಿಂದ ನಾವು ಮಾಡೋ ಕೆಲಸ ಜಾಸ್ತಿಯಾದರೆ ಅದು, ಸೀಟ್‌ಬೆಲ್ಟ್ ಹಾಕಿದರೆ ಕಾರಿನ ಟಿಣ್ ಟಿಣ್ ನಿಲ್ಲುತ್ತಲ್ಲ ಹಾಗೆ, ಅಂದ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಅಂದ್ರೆ ನಾನು ಗೊಣಗ್ತಾ ಇರ್ತೀನಿ, ನಿಮ್ಮಜ್ಜ ಕಸದ ಡಬ್ಬಿ ಹೊರಗಿಟ್ಟ ತಕ್ಷಣ ನಿಲ್ಲಿಸ್ತೀನಿ, ಅದಕ್ಕೇ ಈಗ ಅವರು ದಿನಾ ಇಡ್ತಾರಾ?" ಅಂದರು. ಹಿಂದಿನಿಂದ ಅಪ್ಪ ಕೆಮ್ಮಿದ್ದು ನಮಗೂ ಕೇಳಿಸಿತು. ಆ ಪ್ರಶ್ನೆ ಗುಂಡ ಇನ್ನು ಜನ್ಮದಲ್ಲಿ ತಪ್ಪು ಮಾಡಲ್ಲ.

ಅವತ್ತಿನಿಂದ ಪ್ರತಿ ಶುಕ್ರವಾರ ಅಜ್ಜಿಗೆ ಪಾಠ. ತಮಾಷೆ ಅಂದರೆ ಹೀಗೆ ಪುಸ್ತಕ ಮುಚ್ಚಿ ನೆನಪಿನಿಂದ ಹೇಳೋದರ ಲಾಭ ಗುಂಡನ ಸಿಲಬಸ್‌ನಲ್ಲೇ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅಂತ ಇಬ್ಬರು ಒಂದು ಪ್ರಯೋಗ ಮಾಡಿದ್ದರು. ಕೆಲವರಿಗೆ ಪಾಠ ಮತ್ತೆ ಮತ್ತೆ ಓದಿಸಿದರು. ಕೆಲವರಿಗೆ ಓದಿದ್ದನ್ನು ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ಬರೆದವರು ಮುಂದೆ. ಓದಿದಾಗ ಬಂದಂತೆ ಅನಿಸೋದು ಅದೇ ಐದು ನಿಮಿಷದ ಭ್ರಮೆ, ಅತ್ತಿಗೆ. ಪುಟ್ಟಿ ಫ್ಲ್ಯಾಶ್‌ಕಾರ್ಡ್ ಮಾಡಲಿ, ಬೇಡ ಅನ್ನಲ್ಲ. ಆದರೆ ಉತ್ತರ ಬಾಯಿಬಿಟ್ಟು ಹೇಳಿದ ಮೇಲೇ ಕಾರ್ಡ್ ತಿರುಗಿಸಲಿ.

ದೊಡ್ಡ ಪ್ರಶ್ನೆ ಎರಡೂ ಉರು ಹೊಡೆದರೆ ಬರುವುದಿಲ್ಲ. ಒಂದರಲ್ಲಿ ಒಂದು ಸಂಶೋಧನೆಯ ಸಾರಾಂಶ ಕೊಟ್ಟು, ಯಾವ ವಿಧಾನ, ಏನನ್ನು ಹೇಗೆ ಅಳೆದರು, ಆ ಅಂಕಿ ಏನು ಹೇಳುತ್ತೆ, ಜನರನ್ನು ಸರಿಯಾಗಿ ನಡೆಸಿಕೊಂಡರಾ ಅಂತೆಲ್ಲ ಕೇಳುತ್ತಾರೆ. ಇನ್ನೊಂದರಲ್ಲಿ ಮೂರು ಸಂಶೋಧನೆ ಕೊಡುತ್ತಾರೆ. ತನ್ನ ವಾದ ಹೇಳಿ, ಕಡಿಮೆ ಅಂದರೂ ಎರಡರಿಂದ ಆಧಾರ ತೋರಿಸಬೇಕು. ಗುಂಡ ಪದೇ ಪದೇ ಮುಗ್ಗರಿಸಿದ್ದು ಒಂದೇ ಕಡೆ. ಜನರನ್ನು ಚೀಟಿ ಎತ್ತಿದ ಹಾಗೆ ಆರಿಸೋದು ಬೇರೆ, ಬಂದವರನ್ನು ಚೀಟಿ ಎತ್ತಿ ಗುಂಪುಗಳಿಗೆ ಹಂಚೋದು ಬೇರೆ. ಮೊದಲನೆಯದು ಇದ್ದರೆ ಈ ಫಲಿತಾಂಶ ಉಳಿದ ಜನರಿಗೂ ಹೊಂದುತ್ತೆ ಅನ್ನಬಹುದು. ಎರಡನೆಯದು ಇದ್ದರೆ ಇದರಿಂದಲೇ ಅದಾಯಿತು ಅನ್ನಬಹುದು. ಪುಟ್ಟಿಗೆ ಇದನ್ನು ಈಗಲೇ ಹೇಳಿಬಿಡಿ. ಜನವರಿಯಿಂದ ವಾರಕ್ಕೊಂದಾದರೂ ಗಡಿಯಾರ ಇಟ್ಟುಕೊಂಡು ಟೈಪ್ ಮಾಡಿ ಬರೆಯಲಿ.

ಅಪ್ಪ ಕೇಳಿದ್ದರು, ಇಷ್ಟೆಲ್ಲಾ ಮಾಡಿ ಏನು ಉಪಯೋಗ ಅಂತ. ಅಂಕ 1ರಿಂದ 5. ಕೆಲವು ಕಾಲೇಜು 3 ಬಂದರೂ ಕ್ರೆಡಿಟ್ (ಆ ಪಾಠ ಕಾಲೇಜಿನಲ್ಲೇ ಮುಗಿಸಿದ ಲೆಕ್ಕ) ಕೊಡುತ್ತವೆ, ಕೆಲವಕ್ಕೆ 4 ಅಥವಾ 5 ಬೇಕು, ಕೆಲವು ಕೊಡುವುದೇ ಇಲ್ಲ. ಗುಂಡನಿಗೆ 4 ಬಂತು. ಪುಟ್ಟಿಗೆ ಈ ವಿಷಯದ ಮೇಲೆ ನಿಜವಾಗಿ ಆಸೆ ಇದ್ದರೆ ಮಾಡಲಿ. ಬರೀ ಪಟ್ಟಿಯಲ್ಲಿ ಇನ್ನೊಂದು ಎಪಿ ಇರಲಿ ಅಂತಾದರೆ ಬೇಡ, ಅವಳ ನಿದ್ದೆ ಹಾಳಾಗುತ್ತೆ.

ಅಯ್ಯೋ, ಮೂರನೇ ವಿಷಲ್ ಆಯಿತು, ಇಳಿಸಬೇಕು. ಅಮ್ಮನಿಗೆ ಹೇಳಿದ್ದೇನೆ, ಅವರ ಶುಕ್ರವಾರದ ಪಾಠ ಮೇಯಿಂದ ಖಾಲಿ ಇದೆ. ಟೆಕ್ಸಾಸ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಪುಟ್ಟಿ ಫೋನ್ ಮಾಡಲಿ, ಶಿವಮೊಗ್ಗದಲ್ಲಿ ಆಗ ಶನಿವಾರ ಬೆಳಿಗ್ಗೆ ಏಳೂವರೆ (ಚಳಿಗಾಲದಲ್ಲಿ ಎಂಟೂವರೆ), ಕಾಫಿ ಲೋಟ ಹಿಡಿದು ಕೂತಿರುತ್ತಾರೆ.