ಪೋಕೆಮಾನ್ ಕಾರ್ಡ್ ಆನ್‌ಲೈನ್‌ನಲ್ಲಿ ಕೊಳ್ಳುವಾಗ ನಕಲಿ ಗುರುತಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಹಾಸನದ ಅಪ್ಪ:
ಮಗನಿಗೆ ಮುಂದಿನ ತಿಂಗಳು ಹತ್ತು ತುಂಬುತ್ತದೆ. ಚಾರಿಜಾರ್ಡ್ ಕಾರ್ಡೇ ಬೇಕು ಅಂತ ಪಟ್ಟು ಹಿಡಿದಿದ್ದಾನೆ. ಒಂದು ಕಡೆ 55 ಬಂಗಾರದ ಕಾರ್ಡಿನ ಕಟ್ಟು 300 ರೂಪಾಯಿ. ಇನ್ನೊಂದು ಕಡೆ ಒಂದೇ ಕಾರ್ಡಿಗೆ 15,000. ಎರಡರಲ್ಲೂ ಅದೇ ಬೆಂಕಿ ಉಗುಳುವ ಪ್ರಾಣಿ. ಫೋಟೋ ನೋಡಿ ಅಸಲಿ ಯಾವುದು ಅಂತ ಹೇಳೋಕಾಗುತ್ತಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಮಲ್ಲೇಶ್ವರದ ಕಲೆಕ್ಟರ್:
300 ರೂಪಾಯಿಯ ಕಟ್ಟು ನಕಲಿ ಸರ್, ಅದರಲ್ಲಿ ಅನುಮಾನವೇ ಬೇಡ. ಪೋಕೆಮಾನ್ ಕಂಪನಿ ಬಂಗಾರದ ಬಣ್ಣದ ಲೋಹದ ಕಾರ್ಡು ಮಾಡಿದ್ದುಂಟು. 2021ರ ಸೆಲೆಬ್ರೇಷನ್ಸ್ ಸೆಟ್ಟಿನ ದೊಡ್ಡ ಪೆಟ್ಟಿಗೆಯಲ್ಲಿ ಒಂದು ಚಾರಿಜಾರ್ಡ್, ಒಂದು ಪಿಕಾಚು ಇದ್ದವು. ಆ ಪೆಟ್ಟಿಗೆಯಲ್ಲಿ ಅಂಥವು ಅಷ್ಟೇ, ಎರಡು. ಆ ಪೆಟ್ಟಿಗೆಯೂ ದುಬಾರಿಯೇ. ಅಮೆರಿಕದಲ್ಲೇ 10 ಕಾರ್ಡಿನ ಒಂದು ಪ್ಯಾಕಿಗೆ ನಾಲ್ಕೂವರೆ ಡಾಲರ್ ಹತ್ತಿರ ಇರುವಾಗ, ಇಲ್ಲಿ 300ಕ್ಕೆ 55 ಎಲ್ಲಿಂದ ಬರಬೇಕು ಹೇಳಿ?

ಫೋಟೋದಲ್ಲೇ ಸಿಕ್ಕಿಬೀಳುವ ನಕಲಿಗಳು ಬೇಕಾದಷ್ಟಿವೆ. ಮೇಲಿನ ಮೂಲೆಯಲ್ಲಿ ಎಚ್‌ಪಿ ಅಂತ ಒಂದು ಅಂಕಿ ಇರುತ್ತದೆ. ಅದು ಸಾವಿರ ದಾಟಿದ್ದರೆ ಮುಂದೆ ನೋಡುವುದೇ ಬೇಡ. ಇಂಗ್ಲಿಷಿನಲ್ಲಿ ಪೋಕೆಮಾನ್ ಅಂತ ಬರೆದಿರುವ ಕಡೆ 'ಇ' ಅಕ್ಷರದ ತಲೆ ಮೇಲೆ ಸಣ್ಣ ಓರೆ ಗೆರೆ ಇರಬೇಕು. ನಕಲಿಯವರು ಅದನ್ನು ಎಷ್ಟೋ ಸಲ ಮರೆತಿರುತ್ತಾರೆ.

ಇನ್ನೊಂದು, ಹೊಸಬರು ಅಸಲಿಯನ್ನೇ ನಕಲಿ ಅಂತ ಬಿಡುವುದೂ ಉಂಟು. ಕೆಳಗೆ 199/165 ಅಂತ ನಂಬರ್ ನೋಡಿ, 165 ಕಾರ್ಡಿನ ಸೆಟ್ಟಿನಲ್ಲಿ 199ನೆಯದು ಹೇಗೆ ಬಂತು ಅಂತ ಗಾಬರಿಯಾಗುತ್ತಾರೆ. ಅಪರೂಪದ ಕಾರ್ಡುಗಳಿಗೆ ಹಾಗೆ ಲೆಕ್ಕ ಮೀರಿದ ನಂಬರೇ ಹಾಕುವುದು. 2023ರಲ್ಲಿ ಬಂದ '151' ಎಂಬ ಹೆಸರಿನ ಸೆಟ್ಟಿನ ಚಾರಿಜಾರ್ಡ್ ಇಎಕ್ಸ್ ನಂಬರ್ ಅದೇ. ನಿಮ್ಮ 15,000ದ್ದು ಬಹುಶಃ ಅದೇ ಇರಬೇಕು, ನಂಬರ್ ನೋಡಿ. ಆ ಕಾರ್ಡಿನ ಮೈ ಮೇಲೆ ಬೆರಳಚ್ಚಿನಂಥ ಸಣ್ಣ ಸಣ್ಣ ಗೆರೆಗಳು ಎದ್ದಿರುತ್ತವೆ. ಸೆಲ್ಲರ್‌ಗೆ ಬೆಳಕಿನ ಕೆಳಗೆ ಕಾರ್ಡು ಅತ್ತಿತ್ತ ಓಲಿಸಿ ವಿಡಿಯೋ ಕಳಿಸಿ ಅನ್ನಿ. ಕನ್ನಡಿ ಹಾಗೆ ನುಣುಪಾಗಿ ಹೊಳೆದರೆ ಬೇಡ.

ಗದಗ ಪ್ರೆಸ್:
ನಮ್ಮದು ಆಫ್‌ಸೆಟ್ ಪ್ರೆಸ್. ಈ ಆಟ ನನಗೆ ಗೊತ್ತಿಲ್ಲ, ಪ್ರಿಂಟಿಂಗ್ ಗೊತ್ತು. ಅಕ್ಕನ ಮಗ ಅಸಲಿ ಒಂದು, ನಕಲಿ ಒಂದು ತಂದು ಮುಂದಿಟ್ಟಿದ್ದ. ಲೂಪ್ (ಪ್ರಿಂಟ್ ನೋಡುವ ಭೂತಗನ್ನಡಿ) ಇಟ್ಟು ನೋಡಿದೆ. ಅಸಲಿಯಲ್ಲಿ ಚಿತ್ರ ಪೂರ್ತಿ ನೀಲಿ, ಕೆಂಪು, ಹಳದಿ ಚುಕ್ಕಿಗಳು ಹೂವಿನ ಹಾಗೆ ಕೂತಿವೆ. ಅಕ್ಷರ ಮಾತ್ರ ಒಂದೇ ಗಟ್ಟಿ ಕಪ್ಪು, ಅಂಚು ಕತ್ತರಿಸಿದ ಹಾಗೆ. ನಕಲಿಯಲ್ಲಿ ಅಕ್ಷರವೂ ಚುಕ್ಕಿಗಳಿಂದಲೇ ಆಗಿತ್ತು, ಅಂಚು ಮಸುಕು. ಅಸಲಿ ಕಾರ್ಡು ಸ್ಕ್ಯಾನ್ ಮಾಡಿ ಮತ್ತೆ ಪ್ರಿಂಟ್ ಹಾಕಿದರೆ ಹೀಗೇ ಆಗೋದು ನೋಡ್ರಿ. ಅಕ್ಷರವನ್ನು ಬೇರೆ ಮಾಡಿ ಪ್ಲೇಟಿಗೆ ಹಾಕುವ ಕೆಲಸ ಯಾರು ಮಾಡ್ತಾರೆ?

ಆಮೇಲೆ ಅಂಚು. ಅಸಲಿಯ ಬೋರ್ಡಿನಲ್ಲಿ ಎರಡು ಬಿಳಿ ಪದರದ ನಡುವೆ ಕೂದಲೆಳೆಯಷ್ಟು ಕಪ್ಪು ಪದರ ಇದೆ. ಪಕ್ಕದಿಂದ ನೋಡಿದರೆ ಗೆರೆ ಕಾಣುತ್ತದೆ. ಬೆಳಕು ಆಚೆ ಹೋಗದಿರಲಿ ಅಂತ ಅದು. ನಕಲಿ ಬರೀ ಬಿಳಿ. ಮೊಬೈಲ್ ಟಾರ್ಚ್ ಹಿಡಿದರೆ ಬೆಳಕು ಢಾಳಾಗಿ ಈಚೆ ಬರುತ್ತದೆ. ಆದರೆ ಅಸಲಿಯಲ್ಲೂ ಸ್ವಲ್ಪ ಬೆಳಕು ಬರುತ್ತದೆ, ಹಾಗಾಗಿ ಪಕ್ಕದಲ್ಲಿ ಖಾತ್ರಿ ಅಸಲಿ ಒಂದು ಇಟ್ಟುಕೊಂಡೇ ಹೋಲಿಸಿ. ಹರಿದು ನೋಡಿ ಅಂತ ಕೆಲವರು ಹೇಳುತ್ತಾರೆ. ಹರಿದ ಮೇಲೆ ಅಸಲಿ ಅಂತ ಗೊತ್ತಾಗಿ ಏನು ಪ್ರಯೋಜನ?

ಹಿಂಭಾಗದ ನೀಲಿಯೂ ನೋಡಿ. ನಕಲಿಯಲ್ಲಿ ಅದು ತೊಳೆದ ಬಟ್ಟೆಯ ಹಾಗೆ ಮಂಕು, ಇಲ್ಲ ನೇರಳೆಗೆ ತಿರುಗಿರುತ್ತದೆ.

ಜರ್ಸಿ ಕನ್ನಡಿಗ:
ಗ್ರೇಡಿಂಗ್ ಕಂಪನಿ ಪರೀಕ್ಷೆ ಮಾಡಿ, ಪ್ಲಾಸ್ಟಿಕ್ ಕೇಸಿನಲ್ಲಿ ಸೀಲ್ ಮಾಡಿ, ಕಾರ್ಡಿನ ಸ್ಥಿತಿಗೆ ಗ್ರೇಡ್ ಕೊಟ್ಟಿರೋದು ತಗೊಳ್ಳಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಳ್ಳೆಯದೇ, ಆದರೆ ಕೇಸನ್ನೂ ನಕಲು ಮಾಡುತ್ತಾರೆ. ಅಸಲಿ ಸರ್ಟಿಫಿಕೇಟ್ ನಂಬರನ್ನೇ ಕದ್ದು ಲೇಬಲ್ ಹಾಕುತ್ತಾರೆ. ಪಿಎಸ್‌ಎ ಅನ್ನೋ ಗ್ರೇಡಿಂಗ್ ಕಂಪನಿಯ ಸೈಟಿನಲ್ಲಿ ನಂಬರ್ ಹಾಕಿದರೆ 'ಇದೆ' ಅಂತಲೇ ಬರುತ್ತದೆ. ಅಲ್ಲಿ ಕಾರ್ಡಿನ ಫೋಟೋ ಇದ್ದರೆ, ಅದನ್ನೂ ಸೆಲ್ಲರ್ ಫೋಟೋವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿತ್ರದ ಸುತ್ತಲ ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ರೀತಿ ಎರಡರಲ್ಲೂ ಒಂದೇ ಥರ ಇರಬೇಕು.

ಪರಿಣತರೂ ಏಮಾರುತ್ತಾರೆ. ಯೂಟ್ಯೂಬರ್ ಲೋಗನ್ ಪಾಲ್ ಪೋಕೆಮಾನ್ ಕಾರ್ಡಿನದು ಅಂತ 35 ಲಕ್ಷ ಡಾಲರ್ ಕೊಟ್ಟು ತಗೊಂಡ ಸೀಲ್ಡ್ ಪೆಟ್ಟಿಗೆಯನ್ನು 2022ರ ಜನವರಿಯಲ್ಲಿ ತೆರೆದಾಗ ಒಳಗಿದ್ದದ್ದು ಜಿ.ಐ. ಜೋ ಅನ್ನೋ ಬೇರೆಯದೇ ಆಟಿಕೆಯ ಕಾರ್ಡುಗಳು. ಅದನ್ನು ಮೊದಲೇ ಪರೀಕ್ಷೆ ಮಾಡಿಸಿ 'ಸರಿ ಇದೆ' ಅನ್ನಿಸಿಕೊಂಡಾಗಿತ್ತು. 2025ರ ಆರಂಭದಲ್ಲಿ ಇನ್ನೂ ಮಜಾ. 1996ರ ಮೊದಲ ಮಾದರಿಗಳು ಅಂತ ಒಂದು ಗ್ರೇಡಿಂಗ್ ಕಂಪನಿಯೇ ಒಪ್ಪಿದ್ದ ಕಾರ್ಡುಗಳಲ್ಲಿ ಕಣ್ಣಿಗೆ ಕಾಣದ ಹಳದಿ ಚುಕ್ಕಿಗಳು ಸಿಕ್ಕವು. ಎಷ್ಟೋ ಕಲರ್ ಪ್ರಿಂಟರ್‌ಗಳು ಪ್ರಿಂಟ್ ಹಾಕಿದ ತಾರೀಖನ್ನು ಹಾಗೆ ಗುಟ್ಟಾಗಿ ಹಾಳೆಯಲ್ಲಿ ಬಿಡುತ್ತವೆ. ಓದಿದರೆ, ಅವುಗಳಲ್ಲಿ ಕೆಲವು 2024ರವು!

ಹಾಸನದ ಅಪ್ಪ:
ನಂಬರ್ ನೋಡಿದೆ, 199/165 ಅಂತಲೇ ಇದೆ. ಎಲ್ಲರಿಗೂ ಥ್ಯಾಂಕ್ಸ್. ಅಕಸ್ಮಾತ್ ತರಿಸಿದ ಮೇಲೆ ನಕಲಿ ಅಂತ ಗೊತ್ತಾದರೆ ದುಡ್ಡು ವಾಪಸ್ ಬರುತ್ತಾ?

ಜಯನಗರದ ಅಮ್ಮ:
ಯಾವ ದಾರಿಯಲ್ಲಿ ದುಡ್ಡು ಕೊಟ್ಟಿರಿ ಅನ್ನೋದರ ಮೇಲಿದೆ. ಸೆಲ್ಲರ್ ನಂಬರಿಗೆ ನೇರ ಯುಪಿಐ ಮಾಡಿದರೆ ಅದನ್ನು ಮರೆತುಬಿಡಿ. ರಿಟರ್ನ್ ಇರುವ ಕಡೆಯೇ ತಗೊಳ್ಳಿ. ಪಾರ್ಸೆಲ್ ಬಿಚ್ಚುವ ಮೊದಲೇ ವಿಡಿಯೋ ಶುರು ಮಾಡಿ, ವಿಳಾಸದ ಚೀಟಿಯಿಂದ ಹಿಡಿದು ಕಾರ್ಡಿನ ಹಿಂಭಾಗದ ತನಕ ಒಂದೇ ಓಟದಲ್ಲಿ ತೆಗೆಯಿರಿ. ಸೆಲ್ಲರ್ ಕ್ಯಾತೆ ತೆಗೆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ಒಂದು ಮಾತು ಕೇಳಲಾ ಅಣ್ಣ, ಹತ್ತು ವರ್ಷದ ಹುಡುಗನಿಗೆ 15,000ದ್ದು ಯಾಕೆ? ನಮ್ಮ ಮನೆಯವನು ಕಾರ್ಡನ್ನು ಯೂನಿಫಾರ್ಮ್ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ, ಒಂದು ಸಲ ವಾಷಿಂಗ್ ಮಷೀನಿಗೂ ಹೋಗಿತ್ತು. ಅದೇ '151' ಸೆಟ್ಟಿನಲ್ಲಿ 006/165 ಅಂತ ಮಾಮೂಲಿ ಚಾರಿಜಾರ್ಡ್ ಇಎಕ್ಸ್ ಇದೆ. ಅದೂ ಅಸಲಿಯೇ, ಗೆಳೆಯರ ಜೊತೆ ಆಟಕ್ಕೂ ನಡೆಯುತ್ತದೆ, ಬೆಲೆ ಅದರ ಹತ್ತಿರಕ್ಕೂ ಬರೋದಿಲ್ಲ.

ಹಾಸನದ ಅಪ್ಪ:
15,000ದವನಿಗೆ ಹಿಂಭಾಗದ್ದು, ಅಂಚಿನದ್ದು ಫೋಟೋ ಕೇಳಿದೆ. "ಮೊದಲು ಪೇಮೆಂಟ್ ಮಾಡಿ, ಕೈಗೆ ಬಂದ ಮೇಲೆ ನೀವೇ ನೋಡಿಕೊಳ್ಳಿ" ಅಂದ.

ಮಲ್ಲೇಶ್ವರದ ಕಲೆಕ್ಟರ್:
ಹಾಗಾದರೆ ಅವನನ್ನು ಬಿಡಿ ಸರ್. ಅಮ್ಮ ಹೇಳಿದ 006/165 ಹುಡುಕಿ. ಸಿಕ್ಕರೆ ಹಿಂಭಾಗದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ.