ಆರು ತಿಂಗಳ ಬಸುರಿ, ಊರಿಂದ ವಾಪಸ್ ಬರುವಾಗ ಭೇದಿ ಶುರು: ಮಾತ್ರೆ ತಗೊಳ್ಳಲಾ?

ಪ್ರಶ್ನೆ (ಮಂಡ್ಯ): ಮೇಡಂ, ನನಗೀಗ ಆರು ತಿಂಗಳು. ಮನೆಯವರ ಸ್ನೇಹಿತರ ಮದುವೆಗೆ ಜೈಪುರಕ್ಕೆ ಹೋಗಿದ್ವಿ. ಬೇಡ ಬೇಡ ಅಂದ್ರೂ ಬೀದಿ ಬದಿ ಪಾನಿಪುರಿ ತಿಂದೆ. ವಾಪಸ್ ಬರುವಾಗ ರೈಲಿನಲ್ಲೇ ಶುರುವಾಯಿತು. ನಿನ್ನೆಯಿಂದ ಏಳೆಂಟು ಸಲ ನೀರುನೀರಾಗಿ ಹೋಗಿದೆ. ಜ್ವರ ಇಲ್ಲ, ರಕ್ತ ಇಲ್ಲ. ಮನೆಯವರು ಮೆಡಿಕಲ್ಸಿಂದ ನಾರ್‌ಫ್ಲಾಕ್ಸಸಿನ್ ಮಾತ್ರೆ ತಂದಿಟ್ಟಿದ್ದಾರೆ. ಅತ್ತೆ "ಕುಡಿದಷ್ಟೂ ಹೋಗುತ್ತೆ, ನೀರು ಕಡಿಮೆ ಮಾಡು" ಅಂತಾರೆ. ಮಗುಗೆ ಏನಾದ್ರೂ ಆಗುತ್ತಾ?

ಉತ್ತರ (ಪ್ರಸೂತಿ ವೈದ್ಯೆ, ಮೈಸೂರು): ಮೊದಲು ಆ ಮಾತ್ರೆ ಪಕ್ಕಕ್ಕಿಡಿ. ಆ ಜಾತಿಯ ಆಂಟಿಬಯೋಟಿಕ್ಕನ್ನು ಬಸುರಿಯರಿಗೆ ಸಾಮಾನ್ಯವಾಗಿ ನಾವು ಕೊಡುವುದಿಲ್ಲ. ಬೇಕೇ ಆದರೆ ಹೆಚ್ಚಾಗಿ ಅಜಿತ್ರೋಮೈಸಿನ್ ಬರೆಯುತ್ತೇವೆ, ಅದೂ ನಿಮ್ಮನ್ನು ನೋಡಿದ ಮೇಲೆ. ಭೇದಿ ಕಟ್ಟುವ ಲೊಪೆರಮೈಡನ್ನೂ ಕೇಳದೆ ನುಂಗಬೇಡಿ.

ಅತ್ತೆಯವರ ಮಾತು ಇದೊಂದರಲ್ಲಿ ಮಾತ್ರ ಬೇಡ. ಸಾಮಾನ್ಯವಾಗಿ ಭೇದಿಗಿಂತ ನಿಮ್ಮ ಮೈ ಒಣಗುವುದೇ ಮಗುವಿಗೆ ತೊಂದರೆ. ನೀರು ತೀರಾ ಕಡಿಮೆಯಾದರೆ ಹೊಟ್ಟೆ ಬಿಗಿಯುವುದೂ ಉಂಟು.

ಓಆರ್‌ಎಸ್ ತರಿಸಿ. 20.5 ಗ್ರಾಂ ಪೊಟ್ಟಣವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ. ನಮ್ಮಲ್ಲಿ ಬರುವವರಲ್ಲಿ ಎಷ್ಟೋ ಜನ ಅದನ್ನು ಒಂದು ಲೋಟಕ್ಕೆ ಸುರಿದು, ಉಪ್ಪುಪ್ಪು ಅಂತ ಎರಡು ಗುಟುಕಿಗೇ ಬಿಟ್ಟಿರುತ್ತಾರೆ! ಬಾಟಲ್ ಅಳತೆ ಇಟ್ಟುಕೊಳ್ಳಿ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಮೇಲೆ ಗುಡ್ಡೆಯಾಗದಂತೆ ತಲೆ ಸಮ ಮಾಡಿ. ಪ್ರತಿ ಸಲ ಹೋಗಿಬಂದ ಮೇಲೆ 200ರಿಂದ 400 ಮಿಲಿ ಕುಡಿಯಿರಿ. ವಾಂತಿ ಬಂದರೆ ಹತ್ತು ನಿಮಿಷ ತಡೆದು ಚಮಚ ಚಮಚ ಕುಡಿಯಿರಿ. ಕಲಸಿದ್ದು 24 ಗಂಟೆಯಾದರೆ ಚೆಲ್ಲಿ.

ಉಪವಾಸ ಬೇಡ. ಗಂಜಿ, ಮೊಸರನ್ನ, ಬಾಳೆಹಣ್ಣು, ಇಡ್ಲಿ ಸಾಕು.

ಆರೆಂಟು ಗಂಟೆ ಮೂತ್ರವೇ ಬರದಿದ್ದರೆ, ಕುಡಿದದ್ದು ನಿಲ್ಲದಿದ್ದರೆ, ಜ್ವರ, ರಕ್ತ, ಎದ್ದರೆ ತಲೆಸುತ್ತು, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುವುದು, ಮಗುವಿನ ಓಡಾಟ ಕಡಿಮೆ: ಇದರಲ್ಲಿ ಒಂದಿದ್ದರೂ ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೆ 108. ಏನೂ ಇಲ್ಲದಿದ್ದರೂ ನಾಳೆ ಹೊತ್ತಿಗೆ ಕಡಿಮೆಯಾಗದಿದ್ದರೆ ತೋರಿಸಿ.

ಪ್ರಶ್ನೆ (ಅದೇ ಮಂಡ್ಯದವರು): ಎಳನೀರು ಸಾಲದಾ ಮೇಡಂ? ಪಕ್ಕದಲ್ಲೇ ಮದ್ದೂರು, ಬೇಕಾದಷ್ಟು ಸಿಗುತ್ತೆ. ಐರನ್ ಮಾತ್ರೆ ಮುಂದುವರಿಸಲಾ?

ಉತ್ತರ: ಎಳನೀರು ಕುಡಿಯಿರಿ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪು. ಉಪ್ಪು ಹಾಕಿದ ತೆಳು ಮಜ್ಜಿಗೆ ಒಳ್ಳೆಯದು. ಐರನ್ ಒಂದೆರಡು ದಿನ ಬಿಟ್ಟರೆ ಏನೂ ಆಗಲ್ಲ. ಥೈರಾಯ್ಡ್, ಬಿಪಿ ಮಾತ್ರೆ ಇದ್ದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಬಿಡಬೇಡಿ.

ಪ್ರಶ್ನೆ (ಮೈಸೂರು, ಐದು ತಿಂಗಳು): ಮುಂದಿನ ತಿಂಗಳು ಅತ್ತೆ ಮಾವನ ಜೊತೆ ಕಾಶಿಗೆ ಹೋಗ್ತಿದ್ದೀವಿ. ಟಿಕೆಟ್ ಆಗಿದೆ. ಏನು ಜಾಗ್ರತೆ?

ಉತ್ತರ: ಹೊರಡುವ ಮೊದಲು ನಿಮ್ಮ ಡಾಕ್ಟರಿಗೆ ಒಮ್ಮೆ ಹೇಳಿ. ಓಆರ್‌ಎಸ್ ಪೊಟ್ಟಣ ನಾಲ್ಕು ಬ್ಯಾಗಿನಲ್ಲಿರಲಿ. ಸೀಲ್ ಇರುವ ಬಾಟಲ್ ನೀರು ಅಥವಾ ಕುದಿಸಿದ್ದು, ಹಲ್ಲುಜ್ಜಲೂ ಅದೇ. ಹಬೆಯಾಡುವ ಊಟ ಪರವಾಗಿಲ್ಲ. ಐಸ್, ಕತ್ತರಿಸಿಟ್ಟ ಹಣ್ಣು, ಚಟ್ನಿ ಬೇಡ. ಗಂಗಾಜಲ ತೀರ್ಥವೆಂದು ಕೊಟ್ಟರೆ ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಿ, ಕುಡಿಯಬೇಡಿ. ಅತ್ತೆಗೆ ನನ್ನ ಹೆಸರು ಹೇಳಿ, ಬೈಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಇನ್ನೊಂದು. ಕೊಳಕು ನೀರಿನಿಂದ ಹೆಪಟೈಟಿಸ್ ಇ ಬರುತ್ತದೆ. ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಅದು ಅಪಾಯದ ಕಾಮಾಲೆ. ನೀವು ಊರಿಗೆ ಹೋಗಿಬಂದು ಎರಡು ತಿಂಗಳಾದ ಮೇಲೂ ಅದು ಕಾಣಿಸಬಹುದು. ಊಟ ಸೇರದೆ, ಕಣ್ಣು ಹಳದಿಯಾಗಿ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಗಿಡಮೂಲಿಕೆ ಹುಡುಕಿಕೊಂಡು ಹೋಗಬೇಡಿ. ಅವತ್ತೇ ಆಸ್ಪತ್ರೆಗೆ ಬಂದು, ಕಾಶಿಗೆ ಹೋಗಿದ್ದನ್ನೂ ಹೇಳಿ.